ಅವನೊಬ್ಬ ಲೋನರ್

ಕೋಲುಗಳೇ ಮೊದಲು ಕಾಣುತ್ತವೆ, ಮನುಷ್ಯರು ಆಮೇಲೆ, ಬೀಟ್‌ಗೆಡ್ಡೆ ಹೊಲದ ಆ ಕೊನೆಯ ಮಂಜಿನೊಳಗಿಂದ ಎದ್ದು ಬರುವ ಕೋಲುಗಳ ಸಾಲು, ನೆಲಕ್ಕೆ ಚುಚ್ಚಿ ಏಳುತ್ತವೆ, ಎಲೆ ಸರಿಸುತ್ತವೆ, ಕಾಲುವೆಯಂಚಿನ ಜೊಂಡು ಕೆದಕುತ್ತವೆ, ಊರಿಗೆ ಊರೇ ಬಂದಿದೆ, ಮಾಂಸದಂಗಡಿಗೂ ಇವತ್ತು ಬೀಗ ಹಾಕಿರಬೇಕು — ಹಾಕದೆ ಏನು, ಅಂಗಡಿಯವನ ಹೆಂಡತಿಯನ್ನೇ ಅಲ್ಲವೆ ಹುಡುಕುತ್ತಿರುವುದು — ಕಿಟಕಿಯಿಂದ ಹಿಂದೆ ಸರಿ ಡೆಸ್ಮಂಡ್, ಕಿಟಕಿಯಲ್ಲಿ ಮುಖ ಕಂಡರೆ ನೋಡ್ರೋ ಹೆಂಗೆ ಹೊಂಚು ಹಾಕ್ತಿದಾನೆ ಅಂತಾರೆ, ಕಾಣದಿದ್ದರೆ ಅವಿತ್ಕೊಂಡಿದಾನೆ ಅಂತಾರೆ, ಎರಡರ ನಡುವೆ ಎಲ್ಲಿ ನಿಲ್ಲಬೇಕು ಮನುಷ್ಯ, ಎಂಜಿನ್ನಿನ ಪಕ್ಕ ನಿಲ್ಲು, ಎಣ್ಣೆಬಟ್ಟೆ ಕೈಯಲ್ಲಿ ಹಿಡಿದುಕೋ, ಕೆಲಸದವನು ಕೆಲಸ ಮಾಡುತ್ತಿರುವ ಹಾಗೆ, ದಿನಾ ನಿಂತ ಹಾಗೆ, ಆದರೆ ದಿನಾ ಹೇಗೆ ನಿಲ್ಲುತ್ತಿದ್ದೆ ಎಂಬುದೇ ಈಗ ನೆನಪಾಗುತ್ತಿಲ್ಲ, ಎಡಗೈ ಎಲ್ಲಿರುತ್ತಿತ್ತು, ತಲೆಯ ಮೇಲೆ ಅಟ್ಟದ ಹಲಗೆ ಒಮ್ಮೆ ಕಿರ್ರೆಂದಿತು, ಅಲುಗಾಡಬೇಡ ಹೇಝಲ್, ಅವರು ಇನ್ನೂ ದೂರ ಇದ್ದಾರೆ, ಆದರೂ ಅಲುಗಾಡಬೇಡ ತಾಯಿ.

ಲೋನರ್ ಅಂತ ಬರ್ದಿದಾರೆ ಕಣೋ ಡೆಸ್, ನಿನ್ನೆ ಬೆಳಿಗ್ಗೆ ದಿನಸಿ ಅಂಗಡಿಯಲ್ಲಿ ಎನಿಡ್ ಕ್ರೌಸನ್ ಪತ್ರಿಕೆಯನ್ನು ಕೌಂಟರಿನ ಮೇಲೆ ಹರಡಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಎಲ್ಲರಿಗೂ ಕೇಳುವ ಹಾಗೆ ಓದಿದಳು, ಕಾಣೆಯಾದ ಶ್ರೀಮತಿ ಹೇಝಲ್ ಬಾರ್ಸ್‌ಬಿಯವರ ವಿಷಯವಾಗಿ ಪೊಲೀಸರು ಊರಾಚೆಯ ಪಂಪ್‌ಹೌಸಿನಲ್ಲಿ ವಾಸವಾಗಿರುವ ಅವಿವಾಹಿತನೊಬ್ಬನನ್ನು ವಿಚಾರಿಸಿದ್ದಾರೆ, ಅರವತ್ತರ ಹತ್ತಿರದ ಈತ ಒಬ್ಬ ಲೋನರ್, ಯಾರೊಡನೆಯೂ ಬೆರೆಯದ ಒಂಟಿಗ ಎಂದು ಊರವರು ಹೇಳುತ್ತಾರೆ, ಹೆಸರು ಹಾಕಿಲ್ಲ ಬಿಡು ಮಗಾ, ಹೆಸರು ಹಾಕಿಲ್ಲ, ಹೆಸರು ಬೇರೆ ಹಾಕಬೇಕೆ, ಸಮುದ್ರಕ್ಕಿಂತ ತಗ್ಗಿನ ಈ ಕಪ್ಪು ನೆಲದ ನೀರನ್ನೆಲ್ಲ ಎತ್ತಿ ನದಿಗೆ ಚೆಲ್ಲುವುದು ಇದೊಂದೇ ಪಂಪ್‌ಹೌಸು, ಇದರೊಳಗೆ ಇರುವವನು ನಾನೊಬ್ಬನೇ, ಊರವರು ಅಂದರೆ ಯಾವ ಊರವರು ಎನಿಡ್ ಎಂದು ಕೇಳಬೇಕೆನಿಸಿತು, ಅವಳ ಕಿವಿ ಕೆಂಪಗಾಗಿತ್ತು, ಬ್ರೆಡ್ಡು, ಚಹಾಪುಡಿ, ಒಂದು ಪೊಟ್ಟಣ ಬೇಕನ್, ಯಾವಾಗಲೂ ಒಯ್ಯುವುದನ್ನೇ ಅವಳ ಮುಂದಿಟ್ಟೆ, ಕೊನೆಗೆ ಒಂದು ಬಾಚಣಿಗೆ, ಎಂಥ ದಡ್ಡ ನಾನು, ಬಾಚಣಿಗೆ ಯಾಕೋ ಮಗಾ, ನಿನ್ ತಲೇಲಿ ಬಾಚಕ್ಕೇನಿದೆ, ನೊಣ ಕೂತ್ರೂ ಜಾರಿ ಬೀಳತ್ತೆ, ಅಂಗಡಿ ತುಂಬ ನಗು, ನಾನೂ ನಕ್ಕೆ, ನಾಯಿಗೆ ಅಂದೆ, ನಿನ್ನ ಹತ್ರ ನಾಯಿ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ, ನಲ್ಲಿ ತಿರುಗಿಸಿದ ಹಾಗೆ ನಗು ನಿಂತಿತು ಅಷ್ಟೆ, ಹಿಂದೆ ನಿಂತಿದ್ದ ಹೆಂಗಸೊಬ್ಬಳು ತನ್ನ ಮಗಳನ್ನು ಮೆಲ್ಲಗೆ ಪಕ್ಕಕ್ಕೆ ಎಳೆದುಕೊಂಡಳು.

ಲೋನರ್, ಬಾಯಲ್ಲಿಟ್ಟು ನೋಡಿದರೆ ತುಕ್ಕಿನ ರುಚಿ, ಆದರೆ ಆ ಮಾತಿನ ತಾಯಿಬೇರು ಅಂಥದ್ದಲ್ಲ, ಶಾಲೆಯಲ್ಲಿ ಮಿಸ್ ಹಾಲ್‌ಬೀಚ್ ಕರಿಹಲಗೆಯ ಮೇಲೆ ಅಲೋನ್ ಎಂದು ಬರೆದು ನಡುವೆ ಒಂದು ಗೆರೆ ಎಳೆದಿದ್ದಳು, ಒಡೆದು ನೋಡ್ರೋ, ಆಲ್ ಒಂದು ಕಡೆ, ಒನ್ ಒಂದು ಕಡೆ, ಎಲ್ಲ ಸೇರಿ ಒಂದು, ಇಡಿಯಾಗಿ ಒಬ್ಬ, ಅದರಲ್ಲಿ ಅಳೋ ಅಂಥದ್ದು ಏನೂ ಇಲ್ಲ, ಆಮೇಲೆ ಯಾರೋ ಅವಸರದವರು ತಲೆ ಕತ್ತರಿಸಿ ಲೋನ್ ಮಾಡಿದ್ರು, ಅದಕ್ಕೊಂದು ಬಾಲ ಅಂಟಿಸಿ ಲೋನ್ಲಿ ಮಾಡಿದ್ರು, ಅಲ್ಲಿಂದ ಅಳು ಶುರುವಾಯ್ತು, ಮಿಸ್ ಹಾಲ್‌ಬೀಚ್ ಕೂಡ ಮದುವೆಯಾಗದವಳೇ, ಅವಳಿಗೆ ಗೊತ್ತಿತ್ತು, ಮತ್ತೆ ಅಮ್ಮ, ಅಪ್ಪ ನನ್ನನ್ನು ಹೊಡೆದು ಬಡಿದು ಫುಟ್‌ಬಾಲ್ ಆಡಲು ಕಳಿಸುವಾಗ ಹಿಟ್ಟಿನ ಕೈಯಲ್ಲೇ ಅಡ್ಡ ಬಂದು ಲೆಟ್ ಹಿಮ್ ಅಲೋನ್ ಎನ್ನುತ್ತಿದ್ದಳು, ಅವನ ಪಾಡಿಗೆ ಅವನ್ನ ಬಿಡಿ, ಯಾರ ತಂಟೆಗೂ ಹೋಗಲ್ಲ ಅಲ್ವಾ, ಅಮ್ಮನ ಬಾಯಲ್ಲಿ ಆ ಮಾತು ಒಂದು ಬೇಲಿ, ನನ್ನ ಸುತ್ತ ಕಟ್ಟಿದ ಬೇಲಿ, ನನ್ನನ್ನು ಈ ಪಂಪಿಗೆ ಇಟ್ಟ ಆಫೀಸಿನವರ ಬಾಯಲ್ಲಿ ಅದೇ ಲೋನ್ ವರ್ಕರ್, ಒಬ್ಬನೇ ದುಡಿಯುವವನು ಸಂಜೆಗೊಮ್ಮೆ ಫೋನ್ ಮಾಡತಕ್ಕದ್ದು, ಬದುಕಿದೀಯಾ ಡೆಸ್ಮಂಡ್ ಪಾಸ್ಕ್, ಬದುಕಿದೀನಿ ಸಾರ್, ಸರಿ ಇಡು, ಕ್ರಿಸ್‌ಮಸ್ಸಿಗೆ ಪುಡಿಂಗ್ ತಂದುಕೊಡುವ ಚರ್ಚಿನ ಹೆಂಗಸರ ಬಾಯಲ್ಲಿ ಪಾಪ ಲೋನ್ಲಿ, ಅಂಚೆಯವನಿಗೆ ಇದು ಲೋನ್ಲಿ ದಾರಿ, ಸೈಕಲ್ಲಿನ ಗಾಳಿ ಹೋದರೆ ಕೇಳುವವರಿಲ್ಲ, ಒಂದೇ ಮಾತು, ಅವರವರ ಬಾಯಿಗೆ ತಕ್ಕ ಹಾಗೆ, ನಾನಂತೂ ಅದರೊಳಗೆ ಹಳೆಯ ಕೋಟಿನೊಳಗೆ ಇರುವ ಹಾಗೆ ಇದ್ದೆ, ಬೆಳಿಗ್ಗೆ ನೀರಿನ ಮಟ್ಟ ನೋಡುವುದು, ಪಂಪಿನ ಬಾಯಿಗೆ ಹಾಕಿದ ಜಾಲರಿಯ ಕಳೆ ಎಳೆಯುವುದು, ಏರಿಯ ಮೇಲೆ ಟಿಟ್ಟಿಭ ಹಕ್ಕಿಗಳ ಜಗಳ ನೋಡುತ್ತ ಚಹಾ ಕುಡಿಯುವುದು, ಯಾರಿಗೂ ನನ್ನಿಂದ ಭಯವಿರಲಿಲ್ಲ, ಒಬ್ಬಳು ಹೆಂಗಸು ಕಾಣೆಯಾಗಲಿ, ನೋಡು, ಕೋಟನ್ನು ಬಿಚ್ಚಿಸಿ ತಿರುವಿ ಒಳಗೆ ಏನೇನು ಹೊಲಿದುಕೊಂಡಿದ್ದಾನೆ ಎಂದು ಹುಡುಕಲು ಬರುತ್ತಾರೆ — ಕೋಲುಗಳು ಈಗ ಎರಡನೆಯ ಕಾಲುವೆ ದಾಟಿದವು, ನಾಯಿಯೊಂದು ಬೊಗಳುತ್ತಿದೆ, ಯಾರೋ ಅದಕ್ಕೆ ಮುಚ್ಚೋ ಬಾಯಿ ಎಂದರು, ಬಯಲಿನಲ್ಲಿ ದನಿ ಎಷ್ಟು ದೂರ ಬರುತ್ತದೆ, ಹಾಗಾದರೆ ಇಲ್ಲಿಂದ ಅಲ್ಲಿಗೂ ಹೋಗುತ್ತದೆ, ಕೆಮ್ಮಬೇಡ ಹೇಝಲ್.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಜಾಲರಿ ನೋಡಲು ಹೋದೆ, ಕಾಲುವೆಯಲ್ಲಿ ಏನೋ ದೊಡ್ಡದು ಸಿಕ್ಕಿಕೊಂಡಿದೆ ಎಂದುಕೊಂಡೆ, ಕುರಿ ಇರಬಹುದು, ಕುರಿಯಲ್ಲ, ಮಾಂಸದಂಗಡಿಯಲ್ಲಿ ಸಾಸೇಜು ಕಟ್ಟಿಕೊಡುವ ಹೇಝಲ್, ಸೊಂಟದವರೆಗೆ ನೀರು, ಎರಡೂ ಕೈಯಲ್ಲಿ ಜೊಂಡು ಹಿಡಿದು ನಿಂತಿದ್ದಳು, ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ, ಹಲ್ಲು ಕಟಕಟ ಎನ್ನುತ್ತಿದ್ದರೂ ಮಾತು ಸ್ಪಷ್ಟ, ಮಿಸ್ಟರ್ ಪಾಸ್ಕ್, ನಿಮ್ಮನೆಗೆ ಯಾರೂ ಬರಲ್ಲ ಅಲ್ವಾ, ಬರಲ್ಲ ಅಂದೆ, ಹಾಗಾದ್ರೆ ನಾನು ಬರ್ಲಾ, ಇಷ್ಟು ವರ್ಷದಲ್ಲಿ ಈ ಮನೆಯ ಒಂಟಿತನ ಯಾರಿಗಾದರೂ ಉಪಯೋಗಕ್ಕೆ ಬಂದೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ, ಕಂಬಳಿ ಕೊಟ್ಟೆ, ನನ್ನ ಮಫ್ಲರ್ ಕೊಟ್ಟೆ, ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಳು, ಪೊಲೀಸಿಗೆ ಫೋನ್ ಮಾಡ್ತೀನಿ ಎಂದಾಗ ಚಹಾದ ಬಟ್ಟಲು ಕೆಳಗಿಟ್ಟು ಎದ್ದೇಬಿಟ್ಟಳು, ಬೇಡ, ಸಾರ್ಜೆಂಟ್ ಫಿಲ್ಪಾಟ್‌ಗೆ ಹೋದ ವರ್ಷವೇ ಹೇಳಿದ್ದೆ, ಗಂಡ ಹೆಂಡ್ತಿ ಅಂದ್ಮೇಲೆ ಇದ್ದಿದ್ದೇ ಕಣಮ್ಮ ಅಂತ ಜೀಪಲ್ಲಿ ಕೂರಿಸಿ ವಾಪಸ್ ಮನೆಗೇ ಬಿಟ್ಟು ಬಂದ್ರು, ಅವತ್ತು ಸಾಯಂಕಾಲ ಏನಾಯ್ತು ಅಂತ ನಿಮಗೆ ಹೇಳಲ್ಲ, ಹಲ್ ಪಟ್ಟಣದಲ್ಲಿರೋ ನಮ್ಮಕ್ಕಂಗೆ ಮಾತ್ರ ಒಂದು ಫೋನ್ ಮಾಡಿಕೊಡಿ ಸಾಕು, ಮಾಡಿಕೊಟ್ಟೆ, ಅಕ್ಕ ನಾಳೆ ವ್ಯಾನ್ ತರುತ್ತಾಳೆ, ನಾಳೆ, ಇವತ್ತೊಂದು ದಿನ ದಾಟಿದರೆ — ಮೊದಲ ದಿನ ಅವಳು ಅಟ್ಟ ಹತ್ತಿ ಕದ ಮುಚ್ಚಿ ಒಳಗಿಂದ ಚಿಲಕ ಹಾಕಿಕೊಂಡಳು, ಕೆಳಗೆ ನನಗೆ ಸದ್ದು ಕೇಳಿತು, ಸ್ವಲ್ಪ ಹೊತ್ತಿಗೆ ತೆಗೆದಳು, ಮತ್ತೆ ಹಾಕಿದಳು, ಮತ್ತೆ ತೆಗೆದು ಮತ್ತೆ ಹಾಕಿದಳು, ಏನಾಯ್ತಮ್ಮ, ಚಿಲಕ ಸರಿಯಿಲ್ವಾ ಎಂದು ಕೂಗಿದೆ, ಸರಿ ಇದೆ ಮಿಸ್ಟರ್ ಪಾಸ್ಕ್, ಚೆನ್ನಾಗೇ ಇದೆ, ನಮ್ಮನೇಲಿ ನಾನು ಯಾವ ಬಾಗಿಲೂ ಹಾಕೋ ಹಂಗಿರ್ಲಿಲ್ಲ, ಬಚ್ಚಲಮನೇದೂ ಸಹಾ, ನೀನು ಒಬ್ಳೇ ಏನ್ ಮಾಡ್ತೀಯ ಅಂತ ಬಂದು ನಿಂತ್ಕೊಳೋನು, ಒಬ್ಳೇ ಇರೋದು ಹೆಂಗಿರತ್ತೆ ಅಂತ ಮರ್ತೇ ಹೋಗಿತ್ತು, ಎಂದು ಹಲಗೆಯ ಸಂದಿನಿಂದ ಹೇಳಿದಳು, ದನಿಯಲ್ಲಿ ಒಂದು ನಗುವಿತ್ತು, ಆಮೇಲೆ ದಿನವಿಡೀ ನಿದ್ದೆ ಮಾಡಿದಳು, ನಾನು ಎಂಜಿನ್ ನಿಲ್ಲಿಸಿ ಕಾಲ್ಬೆರಳ ಮೇಲೆ ಓಡಾಡಿದೆ, ಸಂಜೆ ಆಫೀಸಿಗೆ ಬದುಕಿದೀನಿ ಸಾರ್ ಎಂದಾಗ ಇನ್ನೊಂದು ಮಾತು ಸೇರಿಸಬೇಕೆನಿಸಿ ನಾಲಿಗೆ ಕಚ್ಚಿಕೊಂಡೆ.

ಒಂದು ಕೋಲು ಕಡಿಮೆಯಾಗಿದೆ, ಸಾಲಿನಲ್ಲಿ ಒಬ್ಬ ಇಲ್ಲ, ಎಲ್ಲಿ, ಅಲ್ಲಿ, ಕೋಲನ್ನು ಹೊಲದಲ್ಲೇ ನೆಟ್ಟು ಒಬ್ಬನೇ ಏರಿಯ ಮೇಲೆ ನಡೆದು ಬರುತ್ತಿದ್ದಾನೆ, ಅವಸರವಿಲ್ಲ, ಅಗಲ ಭುಜ, ಒಳ್ಳೆಯ ಟೋಪಿ, ಕ್ಲೈವ್ ಬಾರ್ಸ್‌ಬಿ, ಊರಿನ ಕ್ರಿಕೆಟ್ ತಂಡದ ಕ್ಯಾಪ್ಟನ್, ಮೊನ್ನೆ ಟೀವಿಯಲ್ಲಿ ಬಾ ಹೇಝಲ್, ಮನೆಗೆ ಬಾ ಎಂದು ಅತ್ತವನು, ಅವನ ಅಳು ನೋಡಿ ಎನಿಡ್ ಅತ್ತಳಂತೆ, ಅರ್ಧ ಊರು ಅತ್ತಿತಂತೆ, ಕಾಲುಸೇತುವೆಯ ಹಲಗೆ ಅವನ ತೂಕಕ್ಕೆ ಬಗ್ಗಿತು, ಬಾಗಿಲು ತಟ್ಟಲಿಲ್ಲ, ತಳ್ಳಿಕೊಂಡು ಒಳಗೆ ಬಂದು ಹಿಂದಿನಿಂದ ಮುಚ್ಚಿದ, ಚಳಿ ಅಲ್ವಾ ಡೆಸ್, ಹೌದು ಚಳಿ, ಕೆಲಸ ಮಾಡ್ತಿದೀಯಾ, ಮಾಡ್ತಿದೀನಿ, ಮಾಡು ಮಾಡು ಮಾರಾಯ, ನಿನಗೇನು, ಹೆಂಡ್ತಿ ಇಲ್ಲ ಮಕ್ಕಳಿಲ್ಲ, ರಾಜನ ಥರ ಇದೀಯ, ಎನ್ನುತ್ತ ಕಣ್ಣನ್ನು ಗೋಡೆಯುದ್ದಕ್ಕೂ ಓಡಿಸಿದ, ಒಲೆ, ಮಂಚ, ಗೂಟಕ್ಕೆ ನೇತುಹಾಕಿದ ನನ್ನ ಅಂಗಿ, ನಿನ್ ನಾಯಿ ಎಲ್ಲಿ ಡೆಸ್, ಎನಿಡ್ ಹೇಳ್ತಿದ್ಲು, ನಾಯಿಗೆ ಬಾಚಣಿಗೆ ತಗೊಂಡೆ ಅಂತ, ಓಡಿ ಹೋಯ್ತು ಅಂದೆ, ಓಡಿ ಹೋಯ್ತಾ, ಅಯ್ಯೋ ಪಾಪ, ನಂದೂ ಓಡಿ ಹೋಯ್ತು ನೋಡು, ನಕ್ಕ, ಟೀವಿಯಲ್ಲಿ ಅತ್ತ ಅದೇ ಬಾಯಿ, ಒಬ್ಬನೇ ಇದೀಯಾ ಡೆಸ್, ಅಲೋನ್ ಎಂದೇ ಕೇಳಿದ, ಆ ಮಾತನ್ನೇ, ಜನ್ಮವಿಡೀ ನಿಜವಾಗಿದ್ದ ಮಾತು, ಆಗ ಯಾರೂ ಬಂದು ಕೇಳಲಿಲ್ಲ, ಇವತ್ತು ಸುಳ್ಳಾಗಿರುವಾಗ ಬಂದು ಕೇಳುತ್ತಿದ್ದಾನೆ, ಒಬ್ಬನೇ ಅಂದೆ, ಸಲೀಸಾಗಿ ಬಂತು, ನನ್ನ ಮುಖಕ್ಕೆ ಆ ಮಾತು ಹೊಂದಿಕೊಂಡುಬಿಟ್ಟಿದೆ, ಬೇರೆ ಯಾರಾದರೂ ಆಗಿದ್ದರೆ ನಂಬಿ ಹೋಗುತ್ತಿದ್ದರು, ಕ್ಲೈವ್ ಅಟ್ಟದ ಏಣಿಯ ಕಡೆ ನೋಡಿದ.

ಮೇಲೆ ಏನಿದೆ, ಹಳೇ ಬೆಲ್ಟು, ಗೋಣಿಚೀಲ, ಇಲಿ, ಇಲಿ ಅಂದ್ರೆ ನಂಗೆ ಬಾಳ ಇಷ್ಟ ಅಂದ, ಏಣಿಯ ಮೆಟ್ಟಿಲ ಮೇಲೆ ಕೈಯಿಟ್ಟ, ಬಲಗೈ, ಮಾಂಸ ಕಡಿಯುವ ಕೈ, ತೊಳೆದು ತೊಳೆದು ಬೆಳ್ಳಗಾದ ಕೈ, ಉಂಗುರದ ಬೆರಳು ಮೊದಲ ಗೆಣ್ಣಿಗೇ ಮುಗಿಯುತ್ತದೆ, ಆ ಮೋಟು ಬೆರಳು ಊರಿನ ಮಕ್ಕಳಿಗೆಲ್ಲ ಗೊತ್ತು, ಉಳಿದಿದ್ದು ಎಲ್ಲೋಯ್ತು ಅಂಕಲ್ ಎಂದರೆ ನಿಮ್ಮಮ್ಮ ನಿನ್ನೆ ಹುರಿದಳಲ್ಲ ಸಾಸೇಜು ಅದ್ರೊಳಗೆ ಎಂದು ನಗಿಸುತ್ತಾನೆ — ನಿನ್ನೆ ಹೇಝಲ್ ಕನ್ನಡಿಯ ಚೂರಿನ ಮುಂದೆ ಕೂತು ತಲೆ ಬಾಚಿಕೊಳ್ಳಲು ಮಫ್ಲರ್ ತೆಗೆದಿದ್ದಳು, ನಾನು ಏಣಿಯಿಂದ ಚಹಾ ಕೊಡಲು ತಲೆ ಹಾಕಿದೆ, ನೋಡಬಾರದಿತ್ತು, ನೋಡಿದೆ, ಕುತ್ತಿಗೆಯ ಒಂದು ಬದಿ ಹೆಬ್ಬೆರಳ ಗುರುತು, ಇನ್ನೊಂದು ಬದಿ ನಾಲ್ಕು ನೀಲಿ ಗೆರೆ, ಅಂಚು ಹಳದಿಗೆ ತಿರುಗಿತ್ತು, ನಾಲ್ಕರಲ್ಲಿ ಒಂದು ಮೋಟು, ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿ ಮಫ್ಲರ್ ಸುತ್ತಿಕೊಂಡಳು — ಅದೇ ಕೈ ಈಗ ಒಂದು ಮೆಟ್ಟಿಲು ಮೇಲೆ ಹೋಯಿತು, ಇನ್ನೊಂದು, ಕ್ಲೈವ್ ಬೇಡ, ಏಣಿ ಹುಳು ಹಿಡಿದಿದೆ, ಹೌದಾ, ಗಟ್ಟಿ ಇದೆಯಲ್ಲೋ, ತಲೆಯ ಮೇಲಿನ ಕದಕ್ಕೆ ಅಂಗೈ ಒತ್ತಿ ತಳ್ಳಿದ, ಕದ ಅಲುಗಲಿಲ್ಲ, ಇನ್ನೊಮ್ಮೆ ತಳ್ಳಿದ, ಚಿಲಕ ಕಬ್ಬಿಣದ ಕೊಂಡಿಯಲ್ಲಿ ಕಟಕ್ಕೆಂದಿತು, ಅವನು ತಳ್ಳುವುದನ್ನು ನಿಲ್ಲಿಸಿ ಬಗ್ಗಿ ನನ್ನ ಕಡೆ ನೋಡಿದ, ಒಳಗಿಂದ ಹಾಕಿದೆ ಡೆಸ್, ಇಲಿಗಳು ಚಿಲಕ ಹಾಕ್ಕೊಳೋದು ಯಾವಾಗ ಕಲ್ತವು, ಒಬ್ಬನೇ ಇದೀನಿ ಅಂದ್ಯಲ್ಲ, ಅವನು ದನಿ ಎತ್ತಲಿಲ್ಲ, ಕದಕ್ಕೆ ಬಾಯಿ ಹತ್ತಿರ ತಂದು ಮುದ್ದಾಗಿ ಹೇಳಿದ, ಹೇಝಲ್, ಚಿನ್ನ, ಕದ ತೆಗಿ, ಮಾತಾಡೋಣ, ಆಮೇಲೆ ನನಗೆ, ಹೊರಗೆ ಹೋಗಿ ಒಂದು ಸಿಗರೇಟು ಸೇದ್ಕೊಂಡು ಬಾ ಡೆಸ್, ನಿನ್ನ ಪಾಡಿಗೆ ನೀನಿರು, ಇಲ್ಲಿ ಏನಾದ್ರೂ ಆದ್ರೆ ಯಾರು ಮಾಡಿದ್ದು ಅಂತ ಪೇಪರ್‌ನಲ್ಲಿ ಆಗ್ಲೇ ಬಂದಿದೆಯಲ್ಲ.

ನನ್ನ ಪಾಡಿಗೆ ನಾನು, ಅಮ್ಮ ಕಟ್ಟಿದ ಬೇಲಿ ಇದೇ ಏನು, ಅದರೊಳಗೆ ಈಗ ಮೂವರಿದ್ದೇವೆ, ಗೇಟಿನ ಹತ್ತಿರ ಅವನು ನಿಂತಿದ್ದಾನೆ, ಹೊಡೆದಾಡಿದರೆ ಅವನ ಒಂದೇ ಏಟು ನನಗೆ ಸಾಕು, ಆಮೇಲೆ ಆ ಕದ ಎಷ್ಟು ಹೊತ್ತು ತಡೆದೀತು, ಬಯಲಿನಲ್ಲಿ ಐವತ್ತು ಜನ ಇದ್ದಾರೆ, ಎಲ್ಲರೂ ನನ್ನ ಮೇಲೆ ಹಲ್ಲು ಕಡಿಯುತ್ತಿರುವವರು, ಅವರಿಂದ ಅವಳನ್ನು ಬಚ್ಚಿಡಬೇಕೆಂದು ಇಷ್ಟು ದಿನ ಉಸಿರು ಹಿಡಿದೆ, ಆದರೆ ಕ್ಲೈವ್ ಕೋಲು ನೆಟ್ಟು ಸಾಲು ಬಿಟ್ಟು ಒಬ್ಬನೇ ಬಂದ, ಬಾಗಿಲು ಮುಚ್ಚಿದ, ಅವನಿಗೂ ಅವರು ಬೇಡ, ಅವನಿಗೆ ಬೇಕಾದದ್ದು ಇದೇ, ಯಾರೂ ಬರದ ಮನೆ, ನಿನಗೆ ತಿಳಿಯಿತೆ ಡೆಸ್ಮಂಡ್, ತಿಳಿಯಿತು, ಕಾಲು ಮೊದಲೇ ನಡೆದಿತ್ತು, ಗೋಡೆಯಲ್ಲಿ ನೆರೆ ಬಂದಾಗ ಕೂಗಿಸುವ ಸೈರನ್ನಿನ ಹಿಡಿಕೆ, ಏರಿ ಒಡೆದರೆ ಮಾತ್ರ ತಿರುಗಿಸಬೇಕಾದದ್ದು, ಅದರ ಕೂಗು ಕೇಳಿದರೆ ಈ ತಗ್ಗಿನ ನೆಲದಲ್ಲಿ ಹುಟ್ಟಿದವನು ಉಣ್ಣುತ್ತಿದ್ದರೂ ಎದ್ದು ಪಂಪ್‌ಹೌಸಿನ ಕಡೆ ಓಡಬೇಕು, ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ, ಮೊದಲು ಕೆಮ್ಮಿತು, ನರಳಿತು, ಆಮೇಲೆ ಮಾಡಿನ ಮೇಲೆ ಆ ಊಳು ಎದ್ದಿತು, ಗಾಜು ನಡುಗಿತು, ಟಿಟ್ಟಿಭಗಳೆಲ್ಲ ಒಮ್ಮೆಗೇ ಹಾರಿದವು, ಏಯ್ ಏನ್ ಮಾಡ್ತಿದೀಯೋ, ಕ್ಲೈವ್ ಏಣಿಯಿಂದ ಹಾರಿ ನನ್ನ ಕಾಲರ್ ಹಿಡಿದ, ಗೋಡೆಗೆ ಅಪ್ಪಳಿಸಿದ, ನಾನು ಹಿಡಿಕೆ ಬಿಡಲಿಲ್ಲ, ಬನ್ನಿ, ಬನ್ನಿ, ಎಲ್ಲರೂ ಬನ್ನಿ ಎಂದು ಕೂಗುತ್ತಿರುವುದು ಯಾರು, ನಾನೇ, ಈ ಗಂಟಲಿನಲ್ಲಿ ಇಷ್ಟು ದನಿ ಇತ್ತೆ, ಕಿಟಕಿಯಲ್ಲಿ ಸಾಲು ಚೆದುರಿತು, ಕೋಲುಗಳು ಓಡುತ್ತ ಬರುತ್ತಿವೆ, ಹಲಗೆಸೇತುವೆಯ ಮೇಲೆ ಬೂಟುಗಳ ಗುಡುಗು.

ಬಾಗಿಲು ಬಿದ್ದಿತು, ಇವ್ನೇ, ಮೇಲೆ ಬಚ್ಚಿಟ್ಟಿದಾನೆ, ಒಳಗೆ ಕೂಡಿ ಹಾಕಿದಾನೆ, ಕ್ಲೈವ್‌ನ ದನಿ ಮತ್ತೆ ಟೀವಿಯ ದನಿಯಾಯಿತು, ನನ್ನ ಹೇಝಲ್ನ ಏನ್ ಮಾಡ್ದೋ ರಾಕ್ಷಸ, ಕೋಲೊಂದು ನನ್ನ ಭುಜದ ಮೇಲೆ, ಇನ್ನೊಂದು ಕಿವಿಯ ಹಿಂದೆ, ಹಿಡಿಕೆ ಕೈಜಾರಿತು, ಸೈರನ್ ಇಳಿದು ಇಳಿದು ನರಳಿ ನಿಂತಿತು, ನೆಲ ತಣ್ಣಗಿದೆ, ಎಣ್ಣೆಯ ವಾಸನೆ, ಸುತ್ತ ಬೂಟುಗಳು, ಲೋನರ್ ಸೂಳೇಮಗನೆ ಎಂದಿತು ಒಂದು ಬೂಟು, ಪಕ್ಕೆಗೆ ಬಿತ್ತು, ಹೊಡೀಬೇಡ್ರೋ, ಸಾಯ್ತಾನೆ, ಅದು ಎನಿಡ್, ಸಾರ್ಜೆಂಟ್ ಫಿಲ್ಪಾಟನ ಸೀಟಿ, ಅದೆಲ್ಲದರ ನಡುವೆ ಮೇಲಿನಿಂದ ಒಂದು ಸಣ್ಣ ಸದ್ದು, ಕಬ್ಬಿಣದ ಮೇಲೆ ಕಬ್ಬಿಣ ಜಾರಿದ್ದು, ಎಲ್ಲ ಬೂಟುಗಳೂ ನಿಂತವು, ನನ್ನ ಹಳೆಯ ಸಾಕ್ಸ್ ಹಾಕಿದ ಎರಡು ಪಾದ ಏಣಿ ಇಳಿಯುತ್ತಿವೆ, ಒಂದೊಂದೇ ಮೆಟ್ಟಿಲು, ಬಾ ಚಿನ್ನ, ಭಯ ಬೇಡ, ನಾನಿದೀನಿ ಎಂದು ಕ್ಲೈವ್ ಕೈ ಚಾಚಿದ, ಅವಳು ಆ ಕೈಯನ್ನು ಸುತ್ತು ಹಾಕಿ ನನ್ನ ಪಕ್ಕ ಬಂದು ನಿಂತಳು, ಯಾರನ್ನೂ ಬೈಯಲಿಲ್ಲ, ಅಳಲಿಲ್ಲ, ಮಫ್ಲರಿನ ತುದಿ ಹಿಡಿದು ಒಂದು ಸುತ್ತು ಬಿಚ್ಚಿದಳು, ಇನ್ನೊಂದು ಸುತ್ತು, ಅದು ನನ್ನ ಕೆನ್ನೆಯ ಹತ್ತಿರ ಬಿದ್ದಿತು, ನೋಡ್ಕೊಳಿ ಎಂದಳು, ಅಷ್ಟೆ, ನೀರು ಜಾಲರಿಗೆ ಬಡಿಯುವುದು ಕೇಳಿಸುತ್ತಿದೆ, ದೇವರೇ, ಬೆರಳು ನೋಡಿ ಎಂದಳು ಎನಿಡ್, ಬಹಳ ಮೆಲ್ಲಗೆ, ಒಂದು ಮೋಟಿದೆ, ನನ್ನ ಕಣ್ಣಿಗೆ ರಕ್ತ ಇಳಿಯುತ್ತಿದೆ, ಒರೆಸಿಕೊಳ್ಳಲು ಕೈ ಏಳುತ್ತಿಲ್ಲ, ನೆಲದಿಂದ ನನಗೆ ಕಾಣುವುದು ಕ್ಲೈವ್‌ನ ಚಾಚಿದ ಕೈ ಮಾತ್ರ, ಎಲ್ಲರ ತಲೆಗಳೂ ಅವಳ ಕುತ್ತಿಗೆಯಿಂದ ಅದರ ಕಡೆಗೆ ತಿರುಗುತ್ತಿವೆ, ಆ ಕೈ ನಿಧಾನ ಮಡಚಿಕೊಂಡಿತು, ಹಿಂದೆ ಸರಿಯಿತು, ಕೋಟಿನ ಅಂಚು ತಡಕಿ ಜೇಬಿನ ಬಾಯಿ ಹುಡುಕಿತು, ಕೈ ಹೊರಗೆ ಇಡಪ್ಪ ಕ್ಲೈವ್ ಎನ್ನುತ್ತಿದ್ದಾನೆ ಫಿಲ್ಪಾಟ್, ಕ್ಲೈವ್, ಕೈ ಹೊರಗೆ, ಜೇಬಿನೊಳಗೆ ಹೋಗುತ್ತಿದೆ ಕೈ, ಹೆಬ್ಬೆರಳು ಹೋಯಿತು, ಕೈ, ಆ ಬಿಳಿಯ ಕೈ, ಜೇಬಿನ ಅಂಚಿಗೆ ಸಿಕ್ಕಿ ಒಳಗೆ ಹೋಗಲಾರದೆ ನಿಂತ ಆ ಮೋಟು ಬೆರಳು